ಯಶೋದೆಯ ಕೈ ಕಲಿತ ಯಂತ್ರ

ನನ್ನ ಹೆಂಡತಿ ಯಶೋದೆ ಎರೆದ ದೋಸೆ ತಿನ್ನಲು ಅಹಮದಾಬಾದಿನ ವಸ್ತ್ರಾಪುರದ ನಮ್ಮ ಹೋಟೆಲಿಗೆ ಹತ್ತಿರದ ಸಂಶೋಧನಾಲಯದ ಎಂಜಿನಿಯರುಗಳು ಬರುತ್ತಿದ್ದರು. ಅವರಲ್ಲಿ ವರ್ಷಿಣಿ ನಮ್ಮ ಕನ್ನಡದವಳೇ. ಬ್ಯಾಂಕಿನವರ ಮಗಳು, ಇಲ್ಲೇ ಬೆಳೆದವಳು. ತೊಂಬತ್ತಾರರಲ್ಲಿ ಒಂದು ದಿನ, ತಮ್ಮ ರೋಬಾಟಿಗೆ ಪಾಠ ಹೇಳಬೇಕೆಂದು ಯಶೋದೆಯನ್ನು ಕರೆದೊಯ್ದಳು.

ಇದೆಂತಹ ಹುಚ್ಚು ಎಂದು ಗೊಣಗುತ್ತ ನಾನೂ ಹೋದೆ. ಆ ರೋಬಾಟಿಗೆ ಮನುಷ್ಯನ ಆಕಾರವೆಲ್ಲ ಸೊಂಟದ ಮೇಲಷ್ಟೆ. ಕೆಳಗೆ ಕಬ್ಬಿಣದ ಕಂಬ. ಕಣ್ಣಿನ ಜಾಗದಲ್ಲಿ ಕ್ಯಾಮೆರಾ, ಮೊಣಕೈಯಲ್ಲಿ ಮೋಟಾರು, ಬೆರಳು ಮಡಚಲು ತಂತಿ. ಅದರ ಕೈ ಹಿಡಿದು ಒಮ್ಮೆ ಆಡಿಸಿದರೆ ಸಾಕು, ಆ ಚಲನೆಯನ್ನು ನೆನಪಿಟ್ಟು ಹಾಗೆಯೇ ಮಾಡುತ್ತಿತ್ತು.

"ಇಷ್ಟು ದೊಡ್ಡ ಗಂಡಸಿಗೆ ದೋಸೆ ಎರೆಯಲಿಕ್ಕೆ ಬರುದಿಲ್ವಾ ಮಾರಾಯ್ತಿ?" ಎಂದು ನಗುತ್ತ ಯಶೋದೆ ಅದರ ಕೈ ಹಿಡಿದು, ಹಿಟ್ಟು ಹರಡುವ ಸುತ್ತು ಕಲಿಸಿದಳು.

ಮರುವರ್ಷ ಅವಳಿಗೆ ಪಾರ್ಶ್ವವಾಯು ಬಡಿಯಿತು. ಮಾತು, ನಡಿಗೆ ಮರಳಿದವು, ಬಲಗೈ ಮರಳಲಿಲ್ಲ. ಎಡಗೈಯಲ್ಲಾದರೂ ಬಡಿಸು ಎಂದದ್ದೇ ನನ್ನ ತಪ್ಪಾಯಿತು.

"ಉಣ್ಣುವವರಿಗೆ ಎಡಗೈಯಲ್ಲಿ ಹಾಕುದಾ? ನಿಮಗೆ ಮಂಡೆ ಸಮ ಉಂಟಾ?" ಎಂದು ಬೈದವಳು ಹೋಟೆಲಿಗೆ ಬರುವುದನ್ನೇ ಬಿಟ್ಟಳು. ಒಲೆಯ ಮುಂದೆ ಅವಳ ಜಾಗದಲ್ಲಿ ನಾನೇ ನಿಂತೆ.

ಕೈಯನ್ನು ದಿನವೂ ಆಡಿಸಿ ಎಂದರು ಡಾಕ್ಟರು. ನಾನು ಆಡಿಸಿದರೆ ಇಬ್ಬರಿಗೂ ಜಗಳ. ಆಗ ವರ್ಷಿಣಿ ಬಂದು, "ಅಂಕಲ್, ಆಂಟಿ ಕಲಿಸಿದ್ದು ನಮ್ಮ ರೋಬಾಟ್ ಹತ್ರ ಇದೆ ನೇ! ಈಗ ಅದೇ ಆಂಟಿಗೆ ಕಲಿಸುತ್ತೆ" ಎಂದಳು, ತನ್ನ ಗುಜರಾತಿ ಬೆರೆತ ಕನ್ನಡದಲ್ಲಿ.

ಮೋಟಾರಿನ ಬಲ ತಗ್ಗಿಸಿ, ಯಶೋದೆಯ ಕೈಯನ್ನು ಅದರ ಕೈಗೆ ಮೆತ್ತನೆಯ ಪಟ್ಟಿಯಿಂದ ಕಟ್ಟಿದರು. ತಡೆ ಸಿಕ್ಕರೆ ಅದು ನಿಲ್ಲುತ್ತಿತ್ತು, ಕೈ ಸಡಿಲಿದರೆ ಮತ್ತೆ ಸುತ್ತುತ್ತಿತ್ತು. ಅವಳು ಎಷ್ಟು ಬೈದರೂ ಅದಕ್ಕೆ ಬೇಸರವಿಲ್ಲ. ಅಷ್ಟು ತಾಳ್ಮೆ ನನಗೆಲ್ಲಿಂದ ಬರಬೇಕು! ಮಳೆಗಾಲವಿಡೀ ಸಂಶೋಧನಾಲಯಕ್ಕೆ ಹೋದೆವು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು, ರೋಬಾಟಿನ ತೋಳೂ ಸಡಿಲವಾಯಿತು. "ಥತ್, ಇವತ್ತಿನದೂ ಹಾಳು" ಎಂದು ನಾನು ಪಟ್ಟಿ ಬಿಚ್ಚಲು ಬಗ್ಗಿದೆ.

ಯಶೋದೆಯ ಕೈ ಸುತ್ತುತ್ತಲೇ ಇತ್ತು. ನಿಧಾನವಾಗಿ, ನಡುಗುತ್ತ, ರೋಬಾಟಿನ ಆ ಸತ್ತ ತೋಳನ್ನೂ ಜೊತೆಗೆ ಎಳೆದುಕೊಂಡು.

ವರ್ಷಿಣಿ ಕಿರುಚಿದಳು. ನಾನು ಆ ಯಂತ್ರಕ್ಕೆ ಕೈ ಮುಗಿದು, ಎಂಜಿನಿಯರುಗಳೆಲ್ಲರೆದುರು ಗಳಗಳನೆ ಅತ್ತುಬಿಟ್ಟೆ.

"ಎಂತ ಅಳುದು ನೀವು?" ಎಂದಳು ಯಶೋದೆ, ಕೈ ನಿಲ್ಲಿಸದೆ. "ಹೋಗಿ ಕಾವಲಿ ಬಿಸಿಗಿಡಿ. ಈ ಮಕ್ಕಳೆಲ್ಲ ಹಸಿದಿದ್ದಾರೆ."