ಕೆಂಪು ಹಲ್ಲುಪುಡಿ ಮರೆಸಿದ ರಕ್ತ

ಶುಗರ್ ರಿಪೋರ್ಟ್ ಎರಡನೇ ಸಲವೂ ಏರಿಯೇ ಬಂದಾಗ ನಮ್ಮ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ತಿಂಗಳು ನೋಡೋಣ ಮೇಡಂ. ಆಗ್ಲೂ ಹೀಗೇ ಇದ್ರೆ ಇನ್ಸುಲಿನ್ ಶುರು ಮಾಡ್ಬೇಕಾಗುತ್ತೆ."

ನನ್ನದು ಸೂಜಿಯ ಭಯವಲ್ಲ. ನಮ್ಮ ಯಜಮಾನರಿಗೆ ಒಂಬತ್ತು ವರ್ಷ ನಾನೇ ಚುಚ್ಚಿದ್ದೆ. ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಡವಾಗಿ, ಅವರು ಬೆವೆತು ಕುಸಿದ ಮಧ್ಯಾಹ್ನಗಳು ಇಂದಿಗೂ ಕಣ್ಣಿಗೆ ಕಟ್ಟಿವೆ. ಈಗ ನನ್ನ ಕೈ ನಡುಗುತ್ತದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಡೋಸ್ ತಪ್ಪಿದರೆ?

ಹಲಸೂರಿನ ಮನೆಯಲ್ಲಿ ನಾನು ಮತ್ತು ತಂಗಿ, ಇಬ್ಬರೇ. ಅಂದು ಚಪ್ಪಲಿ ಬಿಡುವ ಮೊದಲೇ ಅವಳ ಎನ್‌ಕ್ವಯರಿ ಶುರುವಾಯಿತು.

"ನಿಜ ಹೇಳಕ್ಕ, ಬೇಕರಿಗೆ ಹೋಗಿದ್ಯಾ?"

"ಗಾಡ್ ಪ್ರಾಮಿಸ್, ಇಲ್ಲ ಕಣೆ."

"ಕಾನ್ವೆಂಟಲ್ಲಿ ಸಿಸ್ಟರ್‌ಗೂ ಹೀಗೇ ಪ್ರಾಮಿಸ್ ಮಾಡ್ತಿದ್ದೆ, ಬಾಯಲ್ಲಿ ಹುಣಿಸೆಹಣ್ಣು ಇಟ್ಕೊಂಡು!"

ನಾನು ನಿಜಕ್ಕೂ ಸಿಹಿ ಏನೂ ತಿಂದಿರಲಿಲ್ಲ. ರಾಗಿಮುದ್ದೆ, ಸೊಪ್ಪು, ಬೆಳಗಿನ ವಾಕಿಂಗ್, ಮಾತ್ರೆ, ಎಲ್ಲವೂ ಕಾನ್ವೆಂಟಿನ ಗಂಟೆಯ ಹಾಗೆ ನಡೆಯುತ್ತಿತ್ತು. ಆದರೂ ಶುಗರ್ ಏರುತ್ತಿದೆಯಲ್ಲ ಎಂಬುದೇ ಭಯ. ತಿಂದು ಮರೆತುಬಿಡುತ್ತಿದ್ದೇನೆಯೇ ಎಂಬ ಅನುಮಾನ ಹುಟ್ಟಿ, ಡಬ್ಬಿಯಲ್ಲಿರುವ ಬಿಸ್ಕತ್ತು ಎಣಿಸತೊಡಗಿದೆ. ಒಂದೂ ಕಡಿಮೆಯಾಗಿರುತ್ತಿರಲಿಲ್ಲ.

ಚಿಕ್ಕಂದಿನಿಂದ ನಾನು ಬೆರಳಿಗೆ ಕೆಂಪು ಹಲ್ಲುಪುಡಿ ಹಚ್ಚಿ ಉಜ್ಜುವವಳು. ಆಮೇಲೆ ಬ್ರಷ್ ಹಿಡಿದರೂ ಪುಡಿ ಅದೇ. ಸಿಂಕ್ ಸದಾ ಕೆಂಪು. ಒಂದು ಬೆಳಿಗ್ಗೆ ಪುಡಿ ಮುಗಿದಿತ್ತು. ತಂಗಿಯ ಬಿಳಿ ಪೇಸ್ಟ್ ಹಚ್ಚಿ ಉಜ್ಜಿ ಉಗುಳಿದೆ. ಆಗಲೂ ಕೆಂಪು. ಕನ್ನಡಿ ಮುಂದೆ ಕೆಳತುಟಿ ಎಳೆದು ನೋಡಿದರೆ ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮುಂದಿನ ಹಲ್ಲೊಂದು ನಾಲಿಗೆ ತಾಗಿದರೆ ಅಲುಗುತ್ತಿತ್ತು. ಎಷ್ಟು ತಿಂಗಳಿಂದ ಹೀಗಿದೆಯೋ? ಪುಡಿಯ ಬಣ್ಣದಲ್ಲಿ ನನಗೆ ಕಂಡೇ ಇರಲಿಲ್ಲ.

ಆಮೇಲೆ ಮಾಡಿದ್ದು ಇನ್ನೂ ದಡ್ಡ ಕೆಲಸ. ಗಾಯವನ್ನು ಮುಟ್ಟಬಾರದೆಂದು ಆ ಭಾಗ ಉಜ್ಜುವುದನ್ನೇ ಬಿಟ್ಟೆ. ಹತ್ತು ದಿನಕ್ಕೆ ತಂಗಿಗೆ ತಡೆಯಲಾಗಲಿಲ್ಲ.

"ಅಕ್ಕ, ಬಾಯಿ ವಾಸನೆ ಬರ್ತಿದೆ. ತುಂಬ ದಿನದಿಂದಾನೇ ಬರ್ತಿತ್ತು. ಹೇಳಕ್ಕೆ ಸಂಕೋಚ ಆಗ್ತಿತ್ತು."

"ಕದ್ದು ತಿಂತೀಯ ಅನ್ನೋಕೆ ಸಂಕೋಚ ಇರ್ಲಿಲ್ಲ ನಿಂಗೆ!"

ಅವಳೇ ಆಟೋ ಹಿಡಿದು ಶಿವಾಜಿನಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಹುಡುಗಿ ಡಾಕ್ಟರು ಬಾಯೊಳಗೆ ಇಣುಕಿದವರೇ, "ಶುಗರ್ ಇದ್ಯಾಮ್ಮಾ?" ಎಂದರು.

ಬೆಚ್ಚಿಬಿದ್ದೆ. "ಬಾಯಿ ನೋಡಿ ಹೇಗಮ್ಮ ಗೊತ್ತಾಯ್ತು?"

"ಹಲ್ಲಿನ ಪಾಚಿ ಗಟ್ಟಿಯಾಗಿ ಕಲ್ಲಾಗಿದೆ. ಅದರಡಿ ಬ್ಯಾಕ್ಟೀರಿಯಾ ಸಂಸಾರ ಹೂಡಿವೆ. ಶುಗರ್ ಜಾಸ್ತಿ ಇದ್ರೆ ಒಸಡು ಬೇಗ ಕೆಡುತ್ತೆ. ಒಸಡಲ್ಲಿ ಹೀಗೆ ಇನ್ಫೆಕ್ಷನ್ ಕೂತಿದ್ರೆ ಶುಗರ್ ಇಳಿಯೋದೂ ಕಷ್ಟ. ಕ್ಲೀನ್ ಮಾಡ್ಲೇಬೇಕು."

"ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತಲ್ಲ?"

"ಮಾಡಿಸ್ದೇನೇ ಅಲ್ಲಾಡ್ತಿದೆಯಲ್ಲಮ್ಮಾ!"

ತಂಗಿ ಬಾಯಿಗೆ ಸೆರಗು ಒತ್ತಿ ನಕ್ಕಳು. ನನಗೆ ನಗು ಬರಲಿಲ್ಲ. "ಹಾಗಾದ್ರೆ ಇನ್ಸುಲಿನ್ ತಪ್ಪುತ್ತಾ?"

"ಅದು ನಿಮ್ಮ ಡಾಕ್ಟರು ಹೇಳ್ಬೇಕು. ಸ್ವಲ್ಪ ಇಳೀಬಹುದು. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ."

ನಾಲ್ಕು ಸಿಟ್ಟಿಂಗ್ ಆಯಿತು. ದವಡೆ ಮರಗಟ್ಟಿ, ಬಾಯಿಯೇ ನನ್ನದಲ್ಲ ಎನಿಸುತ್ತಿತ್ತು. ಅಲುಗುತ್ತಿದ್ದ ಹಲ್ಲು ಉಳಿಯಲಿಲ್ಲ. ಮೆತ್ತನೆಯ ಬ್ರಷ್ ಹಿಡಿದು, ಉಗುಳಿದ್ದನ್ನೆಲ್ಲ ಬೆಳಕಿನಲ್ಲಿ ಬಗ್ಗಿ ಪರೀಕ್ಷೆ ಮಾಡುತ್ತ ದಿನ ದೂಡಿದೆ.

ಮೂರು ತಿಂಗಳ ಗಡುವು ಮುಗಿದ ಮೇಲೆ ಹೊಸ ರಿಪೋರ್ಟ್ ಓದುವಾಗ ನಮ್ಮ ಶುಗರ್ ಡಾಕ್ಟರ ಮುಖದಿಂದ ಏನೂ ತಿಳಿಯಲಿಲ್ಲ. ಕೊನೆಗೆ ಅಂದರು, "ಇಳಿದಿದೆ. ಇನ್ಸುಲಿನ್ ಸದ್ಯಕ್ಕೆ ಬೇಡ. ಸದ್ಯಕ್ಕೆ ಅಂದೆ, ನೆನಪಿರ್ಲಿ."

ವಾಪಸ್ ಬರುವಾಗ ಆಟೋದಲ್ಲಿ ತಂಗಿಯನ್ನು ಕೇಳಿದೆ: "ಕದ್ದು ತಿಂದಿಲ್ಲ ಅಂತ ಈಗಾದ್ರೂ ನಂಬ್ತೀಯಾ?"

"ನಂಬ್ತೀನಿ. ಎಲ್ಲಿ, ಬಾಯಿ ತೆಗಿ. ಒಸಡು ನೋಡ್ಬೇಕು."

ಸಿಗ್ನಲ್‌ನಲ್ಲಿ, ಅಷ್ಟು ಜನರ ನಡುವೆ, ನಾಚಿಕೆ ಬಿಟ್ಟು ಬಾಯಿ ತೆರೆದೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ.

"ಏನೂ ಇಲ್ಲಕ್ಕ, ಚೆನ್ನಾಗಿದೆ."

"ಸರಿಯಾಗಿ ನೋಡು," ಎಂದೆ. "ಹಿಂದಿನದೂ ನೋಡು."