ಬುಗುರಿಯ ಹಳದಿ ಫ್ರಾಕು

ಆಟಿಕೆ ಅಂಗಡಿಯ ಯಜಮಾನ ಆ ಬೊಂಬೆ ವೇಷವನ್ನು ಮತ್ತೆ ತಂದು ನನ್ನ ಹೊಲಿಗೆ ಮೇಜಿನ ಮೇಲೆ ಹಾಕಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಕಂಕುಳ ಹೊಲಿಗೆ ಬಿಟ್ಟುಕೊಂಡಿತ್ತು. ಬಟ್ಟೆಯ ಬೂಟುಗಳ ಅಡಿ ಒಳಬದಿಯಲ್ಲಿ ಸವೆದು ನೂಲು ಎದ್ದಿತ್ತು. ಹಿಂದಿನ ವಾರವಷ್ಟೇ ಎರಡನ್ನೂ ನಾನೇ ಗಟ್ಟಿಯಾಗಿ ಹೊಲಿದು ಕೊಟ್ಟಿದ್ದೆ.

“ಯಾರು ಹಾಕ್ಕೊಳ್ತಿದಾರೆ ಇದನ್ನ?” ಎಂದೆ.

“ಯಾರೂ ಇಲ್ಲಮ್ಮ. ಗಾಜಿನ ಹಿಂದೆ ಕುರ್ಚಿ ಮೇಲೆ ಕೂರಿಸಿದೀನಿ ಅಷ್ಟೇ. ಇಲಿ ಕಾಟ ಇರಬೇಕು.”

“ಇಲಿ ಬೂಟು ಹಾಕ್ಕೊಂಡು ಓಡಾಡುತ್ತಾ ಯಜಮಾನ್ರೇ?”

ಆತ ಕತ್ತು ಕೆರೆದುಕೊಂಡು, ಸಂಜೆಗೆ ಬೇಕು ಎಂದು ಹೇಳಿ ಜಾಗ ಖಾಲಿ ಮಾಡಿದ. ಮುಖ ಕೊಟ್ಟು ಮಾತಾಡದವರನ್ನು ನಾನು ನಂಬುವುದಿಲ್ಲ. ಮುಖ ಕೊಟ್ಟು ಮಾತಾಡುವವರನ್ನೂ ಅಷ್ಟು ಬೇಗ ನಂಬುವುದಿಲ್ಲ ಎನ್ನಿ. ನಮ್ಮ ಮನೆಯವರು ಬದುಕಿದ್ದಾಗ, “ಕನ್ನಡಿ ನೋಡಿದ್ರೂ ‘ಯಾರಮ್ಮ ನೀನು’ ಅಂತ ಕೇಳೋಳು ನೀನು” ಎಂದು ರೇಗಿಸುತ್ತಿದ್ದರು.

ಆ ವೇಷ ಹಾಕಿಕೊಳ್ಳಬೇಕಾದವಳು ಒಬ್ಬಳೇ, ಬುಗುರಿ. ಅವಳು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು.

ಬುಗುರಿ ಎನ್ನುವುದು ಬೀದಿಯವರು ಇಟ್ಟ ಹೆಸರು. ನಿಂತಲ್ಲಿ ನಿಲ್ಲದೆ ಗಿರಗಿರನೆ ತಿರುಗುತ್ತಿದ್ದಳು. ಕಾಲೇಜು ಮುಗಿಸಿದ ಹುಡುಗಿ, ಆದರೂ ಬುದ್ಧಿ ಒಂದನೇ ಕ್ಲಾಸಿನದು ಎಂದು ಅವಳ ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಾನು ಒಪ್ಪುವುದಿಲ್ಲ. ಬುದ್ಧಿ ಸರಿಯಾಗಿಯೇ ಇತ್ತು, ಅವಳು ಅದನ್ನು ಖರ್ಚು ಮಾಡುತ್ತಿದ್ದ ಕಡೆ ಬೇರೆ. ನನ್ನ ಅಂಗಡಿಯ ನೆಲ ಕಪ್ಪು ಬಿಳಿ ಚೌಕಗಳದ್ದು. ಅವಳು ಬಿಳಿಯ ಮೇಲೆ ಮಾತ್ರ ಕಾಲಿಡುತ್ತಿದ್ದಳು. ಗಿರಾಕಿ ಯಾರಾದರೂ ಅವಳ ಚೌಕದ ಮೇಲೆ ನಿಂತಿದ್ದರೆ ಅವರು ಕದಲುವವರೆಗೂ ಕೈಕಟ್ಟಿ ಕಾಯುತ್ತಿದ್ದಳು. ಬಂದಾಗೊಮ್ಮೆ, ಹೋಗುವಾಗೊಮ್ಮೆ ನನ್ನ ಮಿಷನ್ನಿನ ಚಕ್ರದ ಮೇಲೆ ಎರಡು ಸಲ ತಟ್ಟುವುದು. ನನ್ನ ಬಿಳಿ ಗುಂಡಿಗಳ ಡಬ್ಬಿಗೆ ಕದ್ದು ಒಂದು ಕೆಂಪು ಗುಂಡಿ ಹಾಕುವುದು. ಬೈದರೆ, “ಬಿಳೀ ಗುಂಡಿಗಳಿಗೆ ಬೇಜಾರಾಗಿರುತ್ತೆ ದೊಡ್ಡಮ್ಮ, ನೆಂಟರು ಬಂದ ಹಾಗಾಗುತ್ತೆ” ಎನ್ನುತ್ತಿದ್ದಳು. ನಾನು ಅವಳಿಗೆ ದೊಡ್ಡಮ್ಮ ಆದದ್ದು ಯಾವ ಲೆಕ್ಕದಲ್ಲೋ ನನಗೂ ಗೊತ್ತಿಲ್ಲ.

ಅವಳ ಕೆಲಸ ಆಟಿಕೆ ಅಂಗಡಿಯ ಬಾಗಿಲಲ್ಲಿ ಬೊಂಬೆಯಾಗಿ ನಿಲ್ಲುವುದು. ಟೀವಿಯ ಕಾರ್ಟೂನುಗಳಲ್ಲಿ ಬರುತ್ತಾರಲ್ಲ, ಅರ್ಧ ಮುಖವೆಲ್ಲ ಕಣ್ಣೇ ಆಗಿರುವ ಹುಡುಗಿಯರು, ಅಂಥ ಬೊಂಬೆ. ಸ್ಪಂಜಿನ ದೊಡ್ಡ ತಲೆ, ಎರಡು ನೇರಳೆ ಜಡೆ, ಹಳದಿ ಫ್ರಾಕು. ಫ್ರಾಕು, ಕೈಚೀಲ, ಬೂಟು ಎಲ್ಲವನ್ನೂ ಅವಳ ಅಳತೆಗೆ ಹೊಲಿದವಳು ನಾನು. ಮೊದಲ ದಿನವೇ ಪಾದಗಳನ್ನು ಒಳಕ್ಕೆ ತಿರುಗಿಸಿಕೊಂಡು ಪುಟುಪುಟು ನಡೆದಳು, ಬೀದಿಯ ಮಕ್ಕಳೆಲ್ಲ ಅವಳ ಹಿಂದೆ. ಹೊರಗೆ ಬಾಯಿಗೆ ಬೀಗವಿಲ್ಲದವಳು ವೇಷದೊಳಗೆ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಬೊಂಬೆ ಮಾತಾಡಿದರೆ ಮಕ್ಕಳು ಹೆದರುತ್ತಾರಂತೆ.

“ಸೆಕೆ ಆಗಲ್ವೇನೇ?” ಎಂದು ಒಮ್ಮೆ ಕೇಳಿದ್ದೆ.

“ಆಗುತ್ತೆ. ಆದ್ರೆ ಒಳಗಿದ್ದಷ್ಟು ಹೊತ್ತು ಯಾರೂ ನನಗೆ ದೊಡ್ಡವಳಾಗು ಅನ್ನಲ್ಲ” ಎಂದಿದ್ದಳು.

ಬಿದ್ದದ್ದೂ ಆ ವೇಷದಲ್ಲೇ. ಸೆಕೆಗೆಂದು ಸ್ಪಂಜಿನ ತಲೆ ತೆಗೆದು ಕಂಕುಳಲ್ಲಿಟ್ಟುಕೊಂಡು ಅಂಗಡಿಯ ಮಹಡಿಯಿಂದ ಇಳಿಯುತ್ತಿದ್ದಳು, ಬೂಟು ಜಾರಿತು. ಅದನ್ನು ಕೈಬಿಟ್ಟು ಕಂಬಿ ಹಿಡಿದುಕೊಳ್ಳಬಹುದಿತ್ತು. ಹಿಡಿಯಲಿಲ್ಲ. ಬೊಂಬೆಯ ತಲೆಯನ್ನು ಅಪ್ಪಿಕೊಂಡು ತನ್ನ ತಲೆ ಒಡೆದುಕೊಂಡಳು. ಸ್ಪಂಜಿಗೆ ಒಂದು ಗೀರೂ ಬೀಳಲಿಲ್ಲ. ಉಸಿರಾಟ ಚೆನ್ನಾಗಿದೆ, ಎಚ್ಚರ ಮಾತ್ರ ಬರುತ್ತಿಲ್ಲ, ತಡವಾದಷ್ಟೂ ಆಸೆ ಕಡಿಮೆ ಎಂದು ಡಾಕ್ಟರು ಹೇಳಿದ್ದರು.

ಹೀಗಿರುವಾಗ ಬೂಟು ಸವೆಸಿದವರು ಯಾರು? ಯಜಮಾನ ಗುಟ್ಟಾಗಿ ಬೇರೆ ಹುಡುಗಿಯನ್ನು ಇಟ್ಟುಕೊಂಡು ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ ಎಂದುಕೊಂಡೆ. ಎದುರಿನ ಟೀ ಅಂಗಡಿಯಲ್ಲಿ ಕೂತು ಕಾದೆ. ಬೊಂಬೆ ಗಾಜಿನ ಹಿಂದೆ ಕುರ್ಚಿಯಲ್ಲೇ ಇತ್ತು. ಟೀ ಕುಡಿದು ತಲೆ ಎತ್ತಿದೆ. ಆಗಲೂ ಕುರ್ಚಿಯಲ್ಲೇ ಇತ್ತು, ಆದರೆ ಕಾಲ ಮೇಲೆ ಕಾಲು ಹಾಕಿತ್ತು. ಎದ್ದು ಹೋಗಿ ಅಂಗಡಿಯ ಸೇಲ್ಸ್ ಹೆಂಗಸನ್ನು ತರಾಟೆಗೆ ತೆಗೆದುಕೊಂಡೆ.

“ನಾನ್ಯಾಕ್ರಿ ಮುಟ್ಟಲಿ? ಆ ಫ್ರಾಕು ನನ್ನ ತೋಳಿಗೂ ಸಾಲಲ್ಲ” ಎಂದಳು. ಅವಳ ಮೈಕಟ್ಟು ನೋಡಿದರೆ ಅದು ನಿಜವೇ. ಆದರೂ ಅವಳು ಆ ಕುರ್ಚಿಯ ಹತ್ತಿರ ಹೋಗದೆ ಸುತ್ತು ಹಾಕಿಕೊಂಡು ನಡೆಯುವುದನ್ನು ಗಮನಿಸಿದೆ.

ಮುಂದಿನ ಸಲ ಬೆಳಿಗ್ಗೆಯೇ ಕಂಕುಳು ಹರಿದು ಬಂದಾಗ ನಾನೇ ಒಂದು ಉಪಾಯ ಮಾಡಿದೆ. ಹರಿದದ್ದನ್ನು ಹೊಲಿದು, ಬೂಟಿನ ಅಡಿಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ದಪ್ಪಗೆ ಉಜ್ಜಿ, ವೇಷವನ್ನು ಸ್ಟೂಲಿನ ಮೇಲೆ ಕೂರಿಸಿ ಅದರ ಸ್ಪಂಜಿನ ತಲೆ ಇಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಎಳೆದು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ಕೂತು ಬುತ್ತಿ ತಿಂದೆ. ಯಾರಾದರೂ ಒಳಹೋಗಬೇಕಾದರೆ ನನ್ನನ್ನು ದಾಟಿಯೇ ಹೋಗಬೇಕು.

ಶಟರ್ ಎತ್ತಿದಾಗ ನೆಲದ ತುಂಬ ನೀಲಿ ಹೆಜ್ಜೆಗಳು. ತುದಿ ಒಳಕ್ಕೆ ತಿರುಗಿದ ಪುಟ್ಟ ಹೆಜ್ಜೆಗಳು. ಎಲ್ಲವೂ ಬಿಳಿ ಚೌಕಗಳ ಮೇಲೆ, ಕಪ್ಪಿನ ಮೇಲೆ ಒಂದೂ ಇಲ್ಲ. ಗುಂಡಿಯ ಡಬ್ಬಿ ತೆರೆದು ನೋಡಿದೆ. ಬಿಳಿಯ ನಡುವೆ ಒಂದು ಕೆಂಪು.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮಿಷನ್ನಿನ ಮುಂದೆ ಕೂತು ಚಕ್ರದ ಮೇಲೆ ಎರಡು ಸಲ ತಟ್ಟಿದೆ. ಸ್ಟೂಲಿನ ಮೇಲಿದ್ದ ಬೊಂಬೆ ಕೈ ಚಾಚಿ ಎರಡು ಸಲ ತಟ್ಟಿತು.

“ನೀನೇನಾ?”

ದೊಡ್ಡ ತಲೆ ಹೌದೆಂದು ಜೋರಾಗಿ ಅಲ್ಲಾಡಿತು, ಜಡೆಗಳು ನನ್ನ ಮುಖಕ್ಕೆ ಬಡಿದವು. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅದು ಕಂಕುಳು ಎತ್ತಿ ನನ್ನ ಹೊಲಿಗೆಯನ್ನು ತೋರಿಸಿ, ಚೆನ್ನಾಗಿದೆ ಎನ್ನುವಂತೆ ಗಿರ್ರನೆ ಒಂದು ಸುತ್ತು ತಿರುಗಿತು. ಯಾರಿಗೂ ಹೇಳಬಾರದು, ಹೀಗೇ ಹೊಲಿದು ಕೊಡುತ್ತಿದ್ದರೆ ನನ್ನ ಹುಡುಗಿ ನನ್ನ ಹತ್ತಿರವೇ ಇರುತ್ತಾಳೆ ಎಂದು ಆಸೆಪಟ್ಟುಬಿಟ್ಟೆ.

ಅಷ್ಟರಲ್ಲಿ ಬುಗುರಿಯ ಅಮ್ಮ ಬಂದಳು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನ್ನಲ್ಲಿ ಒಂದು ಗಳಿಗೆ ಕೂರುವುದು ರೂಢಿ. ಬೊಂಬೆ ತಟ್ಟನೆ ಸ್ಟೂಲಿನ ಮೇಲೆ ಕುಕ್ಕರಿಸಿ ಸುಮ್ಮನಾಯಿತು.

“ಇವತ್ತು ಬೆಳಿಗ್ಗೆ ಬೆರಳು ಅಲ್ಲಾಡಿಸಿದ್ಲಕ್ಕ” ಎಂದಳು. “ನರ್ಸೂ ನೋಡಿದ್ರು. ಮಧ್ಯಾಹ್ನ ಫೋನ್ ಮಾಡಿದ್ರೆ ಮತ್ತೆ ಮೊದಲಿನ ಹಾಗೇ ಅಂತೆ. ಹೋದ ಸಲ ರೆಪ್ಪೆ ಅಲುಗಿತ್ತು, ಅವತ್ತೂ ಹಿಂಗೇ ಆಯ್ತು.”

“ಹೋದ ಸಲ ಅಂದ್ರೆ ಯಾವತ್ತು?”

“ಆ ಯಜಮಾನ್ರು ಇಲಿ ಕಡಿದಿದೆ ಅಂತ ಇದನ್ನ ಹೊತ್ಕೊಂಡು ಬಂದಿದ್ರಲ್ಲ, ಅವತ್ತೇ. ಸಂಜೆ ನೀವು ಗೊಣಗಿದ್ದು ನೆನಪಿದೆ.”

ನಾನು ಲೆಕ್ಕ ಹಾಕಿದೆ. ವೇಷ ಹರಿದಾಗ ಅಲ್ಲಿ ಬೆರಳು ಅಲುಗುತ್ತದೆ. ನಾನು ಹೊಲಿದ ಕೂಡಲೇ ನಿಲ್ಲುತ್ತದೆ. ಇಡೀ ಬೀದಿಯ ಮೇಲೆ ಅನುಮಾನಪಟ್ಟಿದ್ದ ನಾನು ನನ್ನ ಸೂಜಿಯ ಮೇಲೆ ಪಡಲೇ ಇಲ್ಲ. ಹುಡುಗಿ ಮನೆಗೆ ಹೋಗದಂತೆ ಬಾಗಿಲು ಹೊಲಿಯುತ್ತಿದ್ದವಳು ನಾನೇ.

ಅಮ್ಮ ಹೊರಟ ಮೇಲೆ ಶಟರ್ ಅರ್ಧಕ್ಕೆ ಇಳಿಸಿ, ಹೊಲಿಗೆ ಬಿಚ್ಚುವ ಬ್ಲೇಡು ಕೈಗೆ ತೆಗೆದುಕೊಂಡೆ. ಬೊಂಬೆಗೆ ಅರ್ಥವಾಯಿತು. ಓಡಿಹೋಗಿ ಟ್ರಯಲ್ ರೂಮಿನ ಪರದೆಯ ಹಿಂದೆ ಅಡಗಿಕೊಂಡಿತು. ಪರದೆಯ ಕೆಳಗೆ ನೀಲಿ ಅಂಟಿದ ಬೂಟುಗಳು ಒಂದಕ್ಕೊಂದು ಮೂಗು ತಾಗಿಸಿಕೊಂಡು ನಿಂತಿದ್ದವು.

“ಬಾರಮ್ಮ. ನಿಮ್ಮಮ್ಮ ಆ ಮಂಚದ ಹತ್ತಿರ ಕೂತು ಸವೆದು ಹೋಗ್ತಿದಾಳೆ” ಎಂದೆ. “ನನಗೂ ನೀನು ಇಲ್ಲೇ ಇರಬೇಕು ಅಂತ ಆಸೆ. ಆದ್ರೆ ಇದು ಬರೀ ಬಟ್ಟೆ ಕಣೇ. ಒಂದು ದಿನ ಯಜಮಾನ್ರು ಮೂಟೆ ಕಟ್ಟಿ ಬಿಸಾಕಿದ್ರೆ ಎಲ್ಲಿಗೆ ಹೋಗ್ತೀಯ?”

ಪರದೆ ಅಲ್ಲಾಡಲಿಲ್ಲ.

“ದೊಡ್ಡವಳಾಗು ಅಂತ ಯಾರೂ ಅನ್ನದ ಹಾಗೆ ನಾನು ನೋಡ್ಕೊಳ್ತೀನಿ. ಅಂದವರಿಗೆ ಟೇಪಲ್ಲಿ ಬಾರಿಸ್ತೀನಿ.”

ಬಹಳ ಹೊತ್ತಿನ ಮೇಲೆ ಪರದೆಯ ಸಂದಿಯಿಂದ ಒಂದು ಹಳದಿ ತೋಳು ಹೊರಬಂತು. ಬೊಂಬೆ ನಿಧಾನವಾಗಿ ಬಂದು ಚಕ್ರದ ಮೇಲೆ ಎರಡು ಸಲ ತಟ್ಟಿ, ಮೇಜಿನ ಮೇಲೆ ಕೈ ಚಾಚಿ ಕೂತಿತು. ನಾನು ಬಿಚ್ಚಿದೆ. ಕಂಕುಳು, ಭುಜ, ಕುತ್ತಿಗೆ, ಸೊಂಟ, ನನ್ನ ಕೈಯಾರೆ ಹಾಕಿದ ಒಂದೊಂದು ಹೊಲಿಗೆಯನ್ನೂ ಬಿಚ್ಚಿದೆ. ಕಣ್ಣು ಮಂಜಾಗಿ ಬೆರಳು ಕೊಯ್ದುಕೊಂಡೆ. ಕೊನೆಗೆ ಮೇಜಿನ ಮೇಲೆ ಉಳಿದದ್ದು ಹಳದಿ ತುಂಡುಗಳು ಮತ್ತು ಏನೂ ಗೊತ್ತಿಲ್ಲದ ಹಾಗೆ ನೋಡುವ ಒಂದು ಸ್ಪಂಜಿನ ತಲೆ. ತಪ್ಪು ಲೆಕ್ಕ ಹಾಕಿದ್ದರೆ ಅವಳನ್ನು ಕೊಂದವಳು ನಾನೇ ಎಂದುಕೊಂಡು ಅಲ್ಲೇ ಕೂತಿದ್ದೆ. ಕತ್ತಲಾಗುವ ಹೊತ್ತಿಗೆ ಅವಳ ಅಮ್ಮನ ಫೋನು ಬಂತು. ಅಳುವೇ ಕೇಳಿಸುತ್ತಿತ್ತು, ಮಾತು ಬಿಡಿಸಿಕೊಳ್ಳುವಷ್ಟರಲ್ಲಿ ನನ್ನ ಅರ್ಧ ಜೀವ ಹೋಯಿತು. ಬುಗುರಿ ಕಣ್ಣು ಬಿಟ್ಟಿದ್ದಳು.

ಅವಳು ಮಾತಾಡುತ್ತಾಳೆ ಎಂದು ತಿಳಿದ ದಿನ ನೋಡಲು ಹೋದೆ. ದಿಂಬಿಗೆ ಒರಗಿದ್ದಳು, ಕೆನ್ನೆ ಇಳಿದುಹೋಗಿತ್ತು. ಅಮ್ಮ ನೀರು ತರಲು ಎದ್ದು ಹೋದದ್ದೇ ತಡ, ಹುಡುಗಿ ಕಣ್ಣು ಕಿರಿದು ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನನ್ನು ಯಾರೂ ಹಾಗೆ ಅನುಮಾನದಿಂದ ನೋಡಿರಲಿಲ್ಲ.

“ದೊಡ್ಡಮ್ಮ, ನನ್ನ ಫ್ರಾಕು ಬಿಚ್ಚಿ ಹಾಕಿದ್ದು ಯಾರು?”

ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

“ಇಲಿ ಕಾಟ ಇರಬೇಕು” ಎಂದೆ.

“ಇಲಿ ಬ್ಲೇಡು ಹಿಡ್ಕೊಳ್ಳುತ್ತಾ?”

ಕೊಯ್ದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಚೀಲದಲ್ಲಿದ್ದ ಟೇಪು ತೆಗೆದು, “ತುಂಬ ಸಣ್ಣಗಾಗಿದೀಯ, ಹಳೇ ಅಳತೆ ಆಗಲ್ಲ. ತೋಳು ಚಾಚು” ಎಂದೆ. ಅವಳು ಅನುಮಾನದ ಕಣ್ಣನ್ನು ನನ್ನ ಮೇಲಿಂದ ತೆಗೆಯದೆಯೇ ತೋಳು ಚಾಚಿದಳು.