ಕ್ಯಾಸೆಟ್ಟಿನ ಕೊನೆಯ ಹಾಡು

ಲಿಫ್ಟಣ್ಣನಿಗೆ ಮದುವೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ ಅವನ ಅಕ್ಕ ಒಪ್ಪುವುದಿಲ್ಲ. "ಆಗಿದೆಯಲ್ಲ, ಹೆಂಡತಿ ಕ್ಯಾಸೆಟ್ಟಿನೊಳಗಿದ್ದಾಳೆ. ತವರಿಗೆ ಹೋಗ್ತೀನಿ ಅನ್ನಲ್ಲ, ಒಡವೆ ಕೇಳಲ್ಲ, ನನ್ನ ಜೊತೆ ಜಗಳ ಆಡಲ್ಲ. ಇಂಥವಳು ಯಾರ ಮನೆಗೆ ಬರ್ತಾಳೆ ಹೇಳಿ" ಎಂದು ನೆಂಟರ ಎದುರಿಗೇ ಮಂಗಳಾರತಿ ಮಾಡುತ್ತಾಳೆ. ನೆಂಟರು ನಗುತ್ತಾರೆ. ಲಿಫ್ಟಣ್ಣನೂ ನಗುತ್ತಾನೆ, ಆಮೇಲೆ ಎದ್ದು ಹೋಗಿ ಚಹಾಕ್ಕೆ ನೀರಿಡುತ್ತಾನೆ.

ಅವನ ಕೆಲಸ ಲಿಫ್ಟ್ ರಿಪೇರಿ. ವಯಸ್ಸು ಅರವತ್ತನ್ನು ಮುಟ್ಟಲು ಬಂದಿದೆ, ಮೊಣಕಾಲು ಆಗಾಗ ತಕರಾರು ತೆಗೆಯುತ್ತದೆ. ಎಲ್ಲರಿಗೂ ಮೇಲೆ ಹೋಗಲು ಲಿಫ್ಟ್ ಇದೆ, ಅದು ಕೆಟ್ಟಾಗ ಬರುವ ಇವನು ಮಾತ್ರ ಮೆಟ್ಟಿಲು ಹತ್ತಬೇಕು. ಈ ಅನ್ಯಾಯವನ್ನು ಅವನು ಯಾವತ್ತೂ ದೂರಿದವನಲ್ಲ. ಹತ್ತಿ ತಾರಸಿಯ ಮೇಲಿನ ಮೋಟಾರು ಕೋಣೆಯ ಬಾಗಿಲು ತೆಗೆದರೆ ಒಳಗೆ ಗ್ರೀಸಿನ ವಾಸನೆ, ದೊಡ್ಡ ಗಾಲಿ, ಅದರ ಮೇಲಿಂದ ಇಳಿದ ಉಕ್ಕಿನ ಹಗ್ಗಗಳು. ಅಲ್ಲಿಗೆ ಯಾರೂ ಬರುವುದಿಲ್ಲ. ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತರೆ ಅದೇ ಅವನ ಅರಮನೆ.

ಶುಕ್ರವಾರ ಅವನಿಗೆ ಆ ಕೋಣೆ ಇನ್ನಷ್ಟು ಬೇಕು, ಏಕೆಂದರೆ ಹೊಸ ಹಾಡುಗಳು ಬಿಡುಗಡೆಯಾಗುವುದು ಶುಕ್ರವಾರ. ದೊಡ್ಡ ಕಂಪನಿಗಳ ಹಾಡುಗಳನ್ನು ಅವನು ಮೂಸಿಯೂ ನೋಡುವುದಿಲ್ಲ. ಅವನಿಗೆ ಬೇಕಾದದ್ದು ಇಂಡೀ ಪಾಪ್. ಅಂದರೆ ಇಬ್ಬರೋ ಮೂವರೋ ಹುಡುಗ ಹುಡುಗಿಯರು ಮಲಗುವ ಕೋಣೆಯಲ್ಲಿ ದಿಂಬು ಒಡ್ಡಿ, ಫ್ಯಾನು ಆರಿಸಿ, ಸ್ವಂತಕ್ಕೆ ರೆಕಾರ್ಡ್ ಮಾಡಿ ಬಿಟ್ಟದ್ದು. ಹಿಂದೆ ಪಕ್ಕದ ಮನೆಯ ಮಿಕ್ಸಿ ಕೇಳಿಸಿದರೆ ಅವನಿಗೆ ಇನ್ನೂ ಖುಷಿ. ಕೇಳಿದ ಮೇಲೆ ಸುಮ್ಮನಿರುವ ಆಸಾಮಿಯೂ ಅಲ್ಲ. "ಗಿಟಾರು ಚೆನ್ನಾಗಿದೆ, ಡ್ರಮ್ಮು ಹೆದರಿಕೊಂಡಿದೆ" ಎಂದೋ, "ಎರಡನೇ ಚರಣ ಯಾಕೆ ಬರೆದಿರಿ" ಎಂದೋ ಕೆಳಗೆ ಒಂದು ಸಾಲು ಬರೆಯುತ್ತಾನೆ. ಎಷ್ಟೋ ಹಾಡುಗಳಿಗೆ ಅವರ ಗೆಳೆಯರನ್ನು ಬಿಟ್ಟರೆ ಅವನೊಬ್ಬನೇ ಕೇಳುಗ.

ಇದನ್ನೆಲ್ಲ ಅವನು ಬರೀ ಸಂಗೀತದ ಹುಚ್ಚಿಗೆ ಮಾಡುತ್ತಿರಲಿಲ್ಲ. ಅವನು ಒಬ್ಬಳನ್ನು ಹುಡುಕುತ್ತಿದ್ದ.

ಎಂಬತ್ತರ ದಶಕದಲ್ಲಿ, ಅವನಿನ್ನೂ ಸ್ಪ್ಯಾನರು ಎತ್ತಿಕೊಡುವ ಕಾಲಕ್ಕೆ, ಪೇಟೆಯಲ್ಲಿ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಕೊಟ್ಟು ಬೇಕಾದ ಹಾಡು ಹೇಳಿದರೆ ತುಂಬಿಸಿಕೊಡುತ್ತಿದ್ದರು. ಇವನೂ ಆಗಿನ ನಾಲ್ಕಾರು ಜನಪ್ರಿಯ ಹಾಡು ಹೇಳಿ ಬಂದಿದ್ದ. ಮನೆಗೆ ತಂದು ಹಾಕಿದರೆ, ಎರಡನೇ ಬದಿಯ ಕೊನೆಯಲ್ಲಿ ಇವನು ಕೇಳದೇ ಇದ್ದ ಒಂದು ಹಾಡು. ಕೀಬೋರ್ಡು, ಆ ಕಾಲದ ಟಪಟಪ ಎನ್ನುವ ಡ್ರಮ್ಮು, ಅದರ ಮೇಲೆ ಒಂದು ಹೆಣ್ಣು ದನಿ. ಮನೆಗೆ ಯಾರೋ ಬರುವುದರೊಳಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಬೇಕು ಎಂಬಂಥ ಸಣ್ಣ ಅವಸರ ಆ ದನಿಯಲ್ಲಿ. ಹುಡುಗ ಅಲ್ಲೇ ಬಿದ್ದುಹೋದ.

ಮರುದಿನವೇ ಅಂಗಡಿಗೆ ಓಡಿದ. "ಯಾವುದೋ ಇಲ್ಲಿಯದೇ ಬ್ಯಾಂಡು. ಜಾಗ ಉಳಿದಿತ್ತು, ಹಾಕಿದೆ" ಎಂದು ಅಂಗಡಿಯವನು ತಲೆ ಎತ್ತದೆ ಹೇಳಿದ. ಮುಂದಿನ ಸಲ ಹೋದಾಗ ಆ ಜಾಗದಲ್ಲಿ ಚಪ್ಪಲಿ ಅಂಗಡಿ ಇತ್ತು.

ಆಮೇಲೆ ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಒಬ್ಬಳು ಟೀಚರು, ಒಬ್ಬಳು ಬ್ಯಾಂಕಿನವಳು. ನೋಡಿ ಬಂದವನನ್ನು ಅಕ್ಕ ಕೇಳಿದರೆ, "ಚೆನ್ನಾಗಿದ್ದಾರೆ ಅಕ್ಕ, ಆದ್ರೆ ದನಿ..." ಎಂದು ನಿಲ್ಲಿಸುತ್ತಿದ್ದ. "ದನಿ ಕಟ್ಕೊಂಡು ಏನೋ ಮಾಡ್ತೀಯ, ಸಾರಿಗೆ ಹಾಕ್ತೀಯಾ?" ಎಂದು ಅಕ್ಕ ರೇಗುತ್ತಿದ್ದಳು. ಹುಚ್ಚಿಗೂ ಒಂದು ಮಿತಿ ಬೇಡವೇ ಎಂದು ಓದುವವರಿಗೆ ಅನ್ನಿಸಬಹುದು. ಅಕ್ಕ ಅದನ್ನು ಹೇಳಿ ಹೇಳಿ ಸುಸ್ತಾದಳು. ಭಾವ ತೀರಿಕೊಂಡ ಮೇಲೆ ತನ್ನ ಹೊಲಿಗೆ ಮಿಷಿನ್ನು ಹೊತ್ತುಕೊಂಡು ತಮ್ಮನ ಮನೆಗೇ ಬಂದಳು. ಅಷ್ಟು ಹೊತ್ತಿಗೆ ಕೋಪ ಹೋಗಿ ತಮಾಷೆಯಷ್ಟೇ ಉಳಿದಿತ್ತು.

ಲಿಫ್ಟಣ್ಣ ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಹಾಡು ಗುರುತಿಸುವ ಆ್ಯಪು ಬಂದಾಗ ಫೋನನ್ನು ಟೇಪ್ ರೆಕಾರ್ಡರಿನ ಬಾಯಿಗೆ ಹಿಡಿದ. ಅದು ಸ್ವಲ್ಪ ಹೊತ್ತು ಯೋಚಿಸಿ ಕೈ ಚೆಲ್ಲಿತು. ಹಳೆಯ ಬ್ಯಾಂಡುಗಳ ಗುಂಪುಗಳಲ್ಲಿ ವಿಚಾರಿಸಿದ, ಯಾರಿಗೂ ಗೊತ್ತಿಲ್ಲ. ಕೊನೆಗೆ ಹೊಸ ಹಾಡುಗಳಿಗೆ ಬಂದ. ಇಂದಿನ ಹುಡುಗರು ಹಳೆಯದನ್ನು ಕೆದಕುತ್ತಾರೆ, ಯಾರಾದರೂ ಒಬ್ಬರ ಕೈಗೆ ಅವಳ ಹಾಡು ಸಿಕ್ಕೀತು ಎಂಬ ಆಸೆ. ಅವಳನ್ನು ಮದುವೆಯಾಗಬೇಕೆಂಬ ಭ್ರಮೆ ಯಾವತ್ತೋ ಹೋಗಿತ್ತು. ಒಮ್ಮೆ ಎದುರು ಕೂರಬೇಕು, ನಿಮ್ಮ ಹಾಡನ್ನು ಒಬ್ಬ ಇಷ್ಟು ವರ್ಷ ಕೇಳಿದ್ದಾನೆ ಎಂದು ತಿಳಿಸಬೇಕು, ಅಷ್ಟೇ. ಅವಳಿಗೆ ಈಗ ಅರವತ್ತು ದಾಟಿರಬೇಕು. ಇತ್ತೀಚೆಗೆ ಆ ಯೋಚನೆ ಬಂದರೆ ಅವನಿಗೆ ಹೆದರಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ 'ಹಿಂದಿನ ಸೀಟು' ಎಂಬ ಹೊಸ ಬ್ಯಾಂಡಿನ ಹಾಡು ಕೇಳುತ್ತಿದ್ದ. ಹಾಡುವವಳೊಬ್ಬಳು, ಕೀಬೋರ್ಡು ನುಡಿಸುವವನೊಬ್ಬ. ಅರ್ಧ ಹಾಡು ಮುಗಿದು ಮಾತು ನಿಂತಾಗ ಹುಡುಗಿ ಬಾಯಿ ಮುಚ್ಚಿ ಗುನುಗಿದಳು. ಲಿಫ್ಟಣ್ಣನ ಕೈಯಲ್ಲಿದ್ದ ಗ್ರೀಸ್ ಡಬ್ಬಿ ಕೆಳಗೆ ಬಿತ್ತು. ಅದೇ ರಾಗ. ನಿಧಾನ, ಭಾರ, ಜನ ತುಂಬಿದ ಲಿಫ್ಟಿನ ಹಾಗೆ ಎಳೆದುಕೊಂಡು ಏರುತ್ತಿತ್ತು, ಆದರೂ ಅದೇ.

ಕೈ ಒರೆಸಿಕೊಳ್ಳದೇ ಬರೆದ: "ಮಧ್ಯದ ಗುನುಗು ನಿಮ್ಮದಲ್ಲ. ಎಲ್ಲಿಂದ ಬಂತು?"

ಹುಡುಗಿ ಮೊದಲು ಸಿಡುಕಿದಳು. ಕದ್ದಿಲ್ಲ ಎಂದಳು. ಇವನು ಸಮಾಧಾನ ಮಾಡಿ ಎರಡು ಸಾಲು ಬರೆದ ಮೇಲೆ ದಾರಿಗೆ ಬಂದಳು. ಅದು ಅವಳ ಸೋದರಮಾವನದಂತೆ. ಮಾವ ಹಲ್ಲಿನ ಸೆಟ್ಟು ಮಾಡುವವರು, ತಿಕ್ಕುವಾಗ ಸದಾ ಅದನ್ನೇ ಗುನುಗುತ್ತಿರುತ್ತಾರೆ. ಎಂಬತ್ತರ ದಶಕದಲ್ಲಿ 'ಕೊನೇ ಬಸ್ಸು' ಅಂತ ಅವರದ್ದೊಂದು ಬ್ಯಾಂಡು ಇತ್ತು, ಒಂದೇ ಕ್ಯಾಸೆಟ್ ತಂದು ಮುಚ್ಚಿಹೋಯಿತು. "ಅದರಲ್ಲಿ ಹಾಡಿದ ಹೆಂಗಸು ಈಗ ಎಲ್ಲಿದ್ದಾರೆ?" ಎಂದು ಲಿಫ್ಟಣ್ಣ ಕೇಳಿದ. "ನಂಗೊತ್ತಿಲ್ಲ ಅಂಕಲ್, ಮಾವನ್ನೇ ಕೇಳಿ. ಭಾನುವಾರ ಕ್ಯಾಸೆಟ್ ತಗೊಂಡು ಬನ್ನಿ" ಎಂದು ಹುಡುಗಿ ವಿಳಾಸ ಕಳಿಸಿದಳು.

ಭಾನುವಾರ ಬೆಳಿಗ್ಗೆ ಅಕ್ಕ ತಾನೇ ಅವನ ಅಂಗಿ ಇಸ್ತ್ರಿ ಮಾಡಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಸಿಕ್ಕಿದ್ರೆ, ಇಷ್ಟು ವರ್ಷ ಬಾಡಿಗೆ ಕೊಡದೆ ಮನೇಲಿದ್ದೀಯಲ್ಲಮ್ಮ ಅಂತ ನಾನು ಕೇಳಿದೆ ಅಂತ ಹೇಳು" ಎಂದಳು. ಅವನು ಚಪ್ಪಲಿ ಹಾಕಿಕೊಳ್ಳುವಾಗ ಮಾತು ಬದಲಾಯಿತು. "ತಮಾಷೆ ಅಲ್ಲ ಕಣೋ. ಒಳ್ಳೆಯವಳಾದ್ರೆ ಕರ್ಕೊಂಡು ಬಾ. ಒಂದು ಲೋಟ ಚಹಾ ಕುಡಿದು ಹೋಗಲಿ."

ಮಾವನ ಕೆಲಸದ ಕೋಣೆ ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿತ್ತು. ಗೋಡೆಯುದ್ದ ಕಪಾಟಿನಲ್ಲಿ ಬಿಳಿ ಪ್ಲಾಸ್ಟರಿನ ಬಾಯಿಗಳು, ಮೇಲಿನ ದವಡೆ ಬೇರೆ, ಕೆಳಗಿನದು ಬೇರೆ. ಎಲ್ಲವೂ ಬಂದವನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಮೇಜಿನ ಮೇಲೆ ತಿಕ್ಕುವ ಗಾಲಿ, ಅದರ ಸುತ್ತ ಗುಲಾಬಿ ಬಣ್ಣದ ಪುಡಿ. ಹುಡುಗಿ ಕಂಪ್ಯೂಟರು ತಂದಿದ್ದಳು. ಮಾವ ದಪ್ಪಗೆ, ಬೋಳುತಲೆಯ, ನಗುಮುಖದ ಮನುಷ್ಯ.

"ನಮ್ಮ ಕ್ಯಾಸೆಟ್ ಇನ್ನೂ ಒಬ್ಬರ ಹತ್ರ ಇದೆ ಅಂದ್ರೆ ನಂಬೋಕಾಗಲ್ಲ ಸ್ವಾಮಿ. ನನ್ನ ಹತ್ರಾನೇ ಇಲ್ಲ. ಮನೆ ಬದಲಾಯಿಸುವಾಗ ಎಲ್ಲ ಹಾಳಾಯ್ತು" ಎಂದ.

"ಪೂರ್ತಿ ಕ್ಯಾಸೆಟ್ ಅಲ್ಲ, ಒಂದೇ ಹಾಡು" ಎಂದ ಲಿಫ್ಟಣ್ಣ. ಅವನು ಹೊತ್ತು ತಂದಿದ್ದ ಟೇಪ್ ರೆಕಾರ್ಡರಿಗೆ ಹುಡುಗಿ ವೈರು ಸಿಕ್ಕಿಸಿ, ಹಾಡು ಕಂಪ್ಯೂಟರಿಗೂ ಇಳಿಯುವಂತೆ ಮಾಡಿದಳು. ಅವನು ಗುಂಡಿ ಒತ್ತಿದ.

ಹಾಡು ಮುಗಿಯುವವರೆಗೂ ಮಾವ ಹುಬ್ಬು ಗಂಟಿಕ್ಕಿಕೊಂಡೇ ಇದ್ದ. "ಹಾಡು ನಮ್ಮದೇ. ಆದ್ರೆ ಇದ್ಯಾರು ಈ ಹುಡುಗಿ?"

"ಅದನ್ನೇ ಕೇಳೋಕೆ ಬಂದೆ ನಾನು."

"ನಮ್ಮ ಬ್ಯಾಂಡಲ್ಲಿ ಹೆಂಗಸರೇ ಇರ್ಲಿಲ್ಲ ಸ್ವಾಮಿ. ನಾವು ನಾಲ್ಕು ಜನ, ನಾಲ್ಕು ಮೀಸೆ. ಹಾಡಿದ್ದು ನಾನು."

ಲಿಫ್ಟಣ್ಣ ಒಪ್ಪಲಿಲ್ಲ. ಮರೆತಿರಬೇಕು, ನೆನಪು ಮಾಡಿಕೊಳ್ಳಿ ಎಂದ. ಸ್ಟುಡಿಯೋದಲ್ಲಿ ಬೇರೆ ಯಾರೋ ಬಂದು ಹಾಡಿರಬಹುದು ಎಂದ. ಮಾವ ತಲೆ ಕೆರೆದುಕೊಂಡು, ಈ ಕ್ಯಾಸೆಟ್ ತುಂಬಿಸಿದ್ದು ಎಲ್ಲಿ ಎಂದು ಕೇಳಿದ. ಲಿಫ್ಟಣ್ಣ ಅಂಗಡಿಯ ಗುರುತು ಹೇಳಿದ. ಮಾವನ ಬಾಯಿ ತೆರೆದುಕೊಂಡು ಹಾಗೇ ನಿಂತಿತು.

"ಅಯ್ಯೋ ಶಿವನೇ. ಅವನ ಮಷಿನ್ನಿಗೆ ಸ್ಪೀಡಿನ ಗುಂಡಿ ಇತ್ತು. ಟೇಪಿನ ಕೊನೇಲಿ ಒಂದು ಹಾಡು ಹಿಡಿಯದೇ ಇದ್ರೆ ಆ ಗುಂಡಿ ತಿರುಗಿಸಿ ಟೇಪು ನಿಧಾನ ಓಡೋ ಹಾಗೆ ಮಾಡ್ತಿದ್ದ. ನಿಧಾನ ಓಡೋ ಟೇಪಲ್ಲಿ ಉದ್ದದ ಹಾಡೂ ಸ್ವಲ್ಪ ಜಾಗದಲ್ಲಿ ಕೂತ್ಕೊಳ್ಳುತ್ತೆ. ಮನೆಗೆ ಹೋಗಿ ಹಾಕಿದಾಗ ಅದೊಂದು ಹಾಡು ಮಾತ್ರ ಬೇಗ ಓಡುತ್ತೆ, ದನಿ ಮೇಲೇರುತ್ತೆ. ಕೊನೆಗೆ ಜಾಗ ಉಳಿದ್ರೆ ನಮ್ಮ ಹಾಡು ಹಾಕಪ್ಪ, ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ನಾನೇ ಅವನ ಕೈಕಾಲು ಹಿಡಿದಿದ್ದೆ."

ಹುಡುಗಿ ಕಂಪ್ಯೂಟರಿನಲ್ಲಿ ಹಾಡನ್ನು ಮತ್ತೆ ಹಚ್ಚಿದಳು. ವೇಗದ ಗುರುತನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ಎಳೆದಳು. ಲಿಫ್ಟಣ್ಣ ಸ್ಟೂಲಿನ ಅಂಚಿನಲ್ಲಿ ಕೂತು ಕೇಳಿದ. ಮೊದಲು ಅವಳ ಅವಸರ ಹೋಯಿತು. ಆಮೇಲೆ ದನಿ ದಪ್ಪವಾಯಿತು, ನೆಗಡಿಯಾದಂತೆ. ಇನ್ನೊಂದಿಷ್ಟು ಇಳಿದಾಗ ಅದು ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬ ಜಾಗದಲ್ಲಿತ್ತು. ಸಾಕು, ನಿಲ್ಲಿಸಮ್ಮ ಎನ್ನಬೇಕೆಂದು ಅವನಿಗೆ ಬಲವಾಗಿ ಅನ್ನಿಸಿತು. ಅಷ್ಟರಲ್ಲಿ ಇಪ್ಪತ್ತರ ಹರೆಯದ ಒಬ್ಬ ಗಂಡಸು, ತೆಳು ಗಂಟಲಿನವನು, ನಿಧಾನವಾಗಿ ಹಾಡತೊಡಗಿದ.

ಮಾವ ಮೇಜಿಗೆ ಎರಡೂ ಕೈ ಊರಿಕೊಂಡು ನಿಂತಿದ್ದ. ಕಣ್ಣಲ್ಲಿ ನೀರು, ತುಟಿ ಹಾಡಿನ ಜೊತೆಗೇ ಆಡುತ್ತಿತ್ತು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕ.

"ಈಗ ಗೊತ್ತಾಯ್ತು ನೋಡಿ. ನಮ್ಮ ಕಾರ್ಯಕ್ರಮಕ್ಕೆ ಜನ ಬರೋರು, ಆ ಹುಡುಗಿ ಎಲ್ಲಿ ಅಂತ ಕೂಗೋರು, ಎದ್ದು ಹೋಗೋರು. ಯಾವ ಹುಡುಗಿ ಅಂತ ನಮಗೆ ತಲೆಬುಡ ಅರ್ಥ ಆಗ್ತಿರ್ಲಿಲ್ಲ. ನನ್ನ ದನಿನೇ ಸರಿ ಇಲ್ಲ, ಅದಕ್ಕೇ ಅಣಕಿಸ್ತಾರೆ ಅಂದ್ಕೊಂಡು ಹಾಡೋದೇ ಬಿಟ್ಟೆ. ಈ ಹಲ್ಲಿನ ಕೆಲಸ ಹಿಡಿದೆ." ನಗು ಇಳಿದ ಮೇಲೆ ಲಿಫ್ಟಣ್ಣನ ಕೈ ಹಿಡಿದುಕೊಂಡ. "ಚೆನ್ನಾಗೇ ಹಾಡಿದ್ದೀನಿ ಅಲ್ವಾ?"

"ಚೆನ್ನಾಗಿ ಹಾಡಿದ್ದೀರಿ" ಎಂದ ಲಿಫ್ಟಣ್ಣ. ಅದು ಸುಳ್ಳಲ್ಲ. ಇಷ್ಟು ವರ್ಷ ಸಾವಿರಾರು ಹಾಡು ಕೇಳಿದ ಕಿವಿ ಅದು, ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನುವುದಿಲ್ಲ. ಆದರೆ ಬೇರೆಯವರ ಸಂತೋಷದ ಹೊತ್ತಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಕಪಾಟಿನ ಕಡೆ ತಿರುಗಿ ಹಲ್ಲುಗಳನ್ನು ನೋಡುತ್ತ ನಿಂತ.

"ಅಂಕಲ್, ಇದನ್ನ ಸರಿಯಾದ ವೇಗದಲ್ಲಿ ಮಾವನ ಬ್ಯಾಂಡಿನ ಹೆಸರಲ್ಲೇ ಬಿಡ್ತೀವಿ" ಎಂದಳು ಹುಡುಗಿ. "ಮೊದಲಿನದನ್ನೂ ಇಟ್ಕೊಳ್ಳಲಾ?"

"ಅದ್ಯಾಕೆ, ಅದು ತಪ್ಪು. ಅಳಿಸಿಬಿಡು" ಎಂದ ಮಾವ.

ಹುಡುಗಿ ಲಿಫ್ಟಣ್ಣನ ಮುಖ ನೋಡಿದಳು. ಅವಳಿಗೆ ಏನೋ ಅರ್ಥವಾದಂತಿತ್ತು. "ಸರಿಯಾದದ್ದೇ ಇರಲಿ ಬಿಡಮ್ಮ" ಎಂದು ಹೇಳಿ ಅವನು ಟೇಪ್ ರೆಕಾರ್ಡರಿನ ವೈರು ಸುತ್ತತೊಡಗಿದ. ಮಾವ ಚಹಾ ತರಿಸಿದ, ಬ್ಯಾಂಡಿನ ಕಥೆಗಳನ್ನು ಹೇಳಿದ, ಕೀಬೋರ್ಡಿನವನು ಸ್ಟೇಜಿನ ಮೇಲೆ ಪ್ಯಾಂಟು ಹರಿದುಕೊಂಡದ್ದನ್ನು ಎರಡು ಸಲ ಹೇಳಿದ. ಲಿಫ್ಟಣ್ಣ ನಗಬೇಕಾದಲ್ಲೆಲ್ಲ ನಕ್ಕ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಕ್ಕ ಮುಂದಿನ ಕೋಣೆಯನ್ನು ಒಪ್ಪ ಮಾಡಿದ್ದಳು. ಹೊಲಿಗೆ ಮಿಷಿನ್ನು ಮೂಲೆಗೆ ಹೋಗಿತ್ತು, ಕುರ್ಚಿಗಳ ಮೇಲೆ ಹೊಸದಾಗಿ ಹೊಲಿದ ಕವರುಗಳಿದ್ದವು. ತಾನೂ ತಲೆ ಬಾಚಿಕೊಂಡು ಬೇರೆ ಸೀರೆ ಉಟ್ಟಿದ್ದಳು. ಬಾಗಿಲು ತೆರೆದವಳು ಅವನ ಹಿಂದೆ ಯಾರಾದರೂ ಇದ್ದಾರಾ ಎಂದು ಮೆಟ್ಟಿಲ ಕಡೆ ಇಣುಕಿದಳು. ಆಗ ಅವನಿಗೆ ತಿಳಿಯಿತು, ಇಷ್ಟು ವರ್ಷ ತಮಾಷೆ ಮಾಡುತ್ತಲೇ ಅಕ್ಕನೂ ಅವಳನ್ನು ಕಾಯುತ್ತಿದ್ದಳು.

"ಸಿಕ್ಕಿದಳೇನೋ?"

ನಡೆದದ್ದನ್ನು ಹೇಳಿದರೆ ಅಕ್ಕ ನಗುತ್ತಾಳೆ, ನೆಂಟರಿಗೆಲ್ಲ ಹೇಳುತ್ತಾಳೆ. ನಕ್ಕರೆ ಅವನಿಗೆ ಬೇಜಾರಿರಲಿಲ್ಲ. ಆದರೆ ಆ ಕುರ್ಚಿಯ ಕವರುಗಳನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ. ಟೇಪ್ ರೆಕಾರ್ಡರನ್ನು ಕೆಳಗಿಟ್ಟು ಗೋಡೆಗೆ ಒರಗಿದ.

"ಇಲ್ಲ ಅಕ್ಕ. ತೀರ್ಕೊಂಡ್ರು."

ಅಕ್ಕ ತನ್ನ ಮನೆಯವರೇ ಹೋದಂತೆ ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದು ಕೂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವಾಗ?" ಎಂದಳು.

"ಇವತ್ತೇ" ಎಂದ ಅವನು. "ಮಧ್ಯಾಹ್ನ. ನಾನು ಅಲ್ಲೇ ಇದ್ದೆ."